ವ್ಯಾಕ್ಯೂಮ್ ಕ್ಲೀನರ್: ಪ್ಲಗ್ ಹಾಕುವ ಮುಂಚೆ, ಪ್ಲಗ್ ತೆಗೆದ ಮೇಲೆ

ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ವ್ಯಾಕ್ಯೂಮ್ ಕ್ಲೀನರ್ ದಿನಾ ಓಡುವ ಯಂತ್ರ ಅಲ್ಲ. ದಿನದ ಕಸಕ್ಕೆ ಪೊರಕೆಯೇ ಸಾಕು. ಗಣೇಶನ ಹಬ್ಬಕ್ಕೋ ಆಯುಧ ಪೂಜೆಗೋ ಮನೆ ಧೂಳು ಹೊಡೆಯುವಾಗ ಅದು ಅಟ್ಟದಿಂದ ಕೆಳಗಿಳಿಯುತ್ತದೆ. ತಿಂಗಳುಗಟ್ಟಲೆ ಸುಮ್ನೆ ಕೂತಿದ್ದ ಯಂತ್ರದ ವೈರ್ ಹೇಗಿದೆ, ಬ್ಯಾಗ್ ಖಾಲಿ ಇದೆಯಾ ಅಂತ ಯಾರೂ ನೋಡುವುದಿಲ್ಲ. ಕೈಗೆ ಸಿಕ್ಕ ಸಾಕೆಟ್ಟಿಗೆ ಚುಚ್ಚಿ, ಇಡೀ ಮನೆಯ ಧೂಳನ್ನು ಒಂದೇ ಬೆಳಗ್ಗೆ ಎಳೆಸುತ್ತೇವೆ. ಕೆಲಸ ಮುಗಿದ ಕೂಡಲೇ ಕಸದ ಸಮೇತ ಮತ್ತೆ ಅಟ್ಟ ಹತ್ತಿಸುತ್ತೇವೆ. ಯಂತ್ರ ಸುಡುವುದು, ಶಾಕ್ ಹೊಡೆಯುವುದು, ವಾಸನೆ ಬರುವುದು ಹೆಚ್ಚಾಗಿ ಶುರುವಾಗುವುದು ಇಲ್ಲಿಂದಲೇ.

ಅದರ ಒಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಂಡರೆ ಅರ್ಧ ಎಚ್ಚರಿಕೆ ತಾನಾಗಿ ಬರುತ್ತದೆ. ಮೋಟರ್ ಒಂದು ಫ್ಯಾನನ್ನು ಜೋರಾಗಿ ತಿರುಗಿಸುತ್ತದೆ. ಗಾಳಿ ಪೈಪಿನಲ್ಲಿ ಒಳಗೆ ಬಂದು, ಬ್ಯಾಗಿನಲ್ಲಿ ಕಸ ಬಿಟ್ಟು, ಫಿಲ್ಟರ್ ದಾಟಿ, ಮೋಟರಿನ ಮೈ ಸವರಿಕೊಂಡು ಹಿಂದಿನಿಂದ ಹೊರಗೆ ಹೋಗುತ್ತದೆ. ಒಣ ಕಸ ಎಳೆಯುವ ಮಾಮೂಲಿ ಯಂತ್ರದಲ್ಲಿ ಮೋಟರನ್ನು ತಣ್ಣಗಿಡುವುದೂ ಇದೇ ಗಾಳಿ. ಇನ್ನೊಂದು ಮಾತು. ವೈರ್ ಇರುವ ಹೆಚ್ಚಿನ ಯಂತ್ರಗಳ ಮೋಟರಿನಲ್ಲಿ ಕಾರ್ಬನ್ ಬ್ರಶ್, ಅಂದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ಕಾರ್ಬನ್ ತುಂಡು ಇರುತ್ತದೆ. ಮೋಟರ್ ಓಡುವಾಗ ಅಲ್ಲಿ ಸಣ್ಣ ಸಣ್ಣ ಕಿಡಿ ಹಾರುವುದು ಮಾಮೂಲು.

ಹಾಗಾಗಿ ಗಾಳಿಯ ದಾರಿ ಕಟ್ಟಿದರೆ ಮೋಟರ್ ಕಾಯುತ್ತದೆ. ಗಾಳಿಯ ಜೊತೆ ನೀರು ಬಂದರೆ ಅದು ನೇರ ಮೋಟರಿಗೇ ಹೋಗುತ್ತದೆ. ಪೆಟ್ರೋಲ್ ಆವಿ ಬಂದರೆ ಕಿಡಿ ತಗಲುತ್ತದೆ. ಈ ಮೂರು ನೆನಪಿದ್ದರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ತಲೆಗೆ ಹತ್ತುತ್ತದೆ.

ಮೊದಲು ಸಾಕೆಟ್ ನೋಡಿ

ಯಂತ್ರವನ್ನು ತಿರುಗಿಸಿ, ಅಡಿಯಲ್ಲೋ ಹಿಂದೆಯೋ ಇರುವ ಸ್ಟಿಕ್ಕರ್ ಓದಿ. ಎಷ್ಟು ವಾಟ್ ಅಂತ ಬರೆದಿರುತ್ತದೆ. ನಮ್ಮ ಮನೆಗೆ ಬರುವ ಕರೆಂಟ್ 230 ವೋಲ್ಟ್. 1400 ವಾಟಿನ ಯಂತ್ರ ಸುಮಾರು 6 ಆಂಪ್ಸ್ ಎಳೆಯುತ್ತದೆ, 1600 ವಾಟಿನದು 7 ಆಂಪ್ಸ್. ಟಿವಿ, ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್ ತಾಳುವುದೇ 6 ಆಂಪ್ಸ್. ಅದಕ್ಕೇ ದೊಡ್ಡ ಯಂತ್ರವನ್ನು 16 ಆಂಪ್ಸಿನ ಪವರ್ ಪಾಯಿಂಟಿಗೇ ಹಾಕಬೇಕು. ಗೀಸರ್, ಮೈಕ್ರೋವೇವ್, ವಾಷಿಂಗ್ ಮೆಷಿನ್ ಹಾಕುವ ದಪ್ಪ ಸಾಕೆಟ್ ಇರುತ್ತಲ್ಲ, ಅದೇ.

ಹಾಲಿನಲ್ಲಿ ಪವರ್ ಪಾಯಿಂಟ್ ಇಲ್ಲ ಅಂತ ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಹಾಕುವವರು ಜಾಸ್ತಿ. ದಯವಿಟ್ಟು ಬೇಡ. ಬೇಕೇ ಬೇಕು ಅಂದರೆ 16 ಆಂಪ್ಸ್ ತಾಳುವ, ದಪ್ಪ ವೈರಿನ, ಅರ್ಥ್ ಪಿನ್ ಇರುವ ಬೋರ್ಡನ್ನೇ ತನ್ನಿ. ಅದರ ವೈರನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿ. ಸುತ್ತಿಟ್ಟ ವೈರಿನ ಶಾಖ ಹೊರಗೆ ಹೋಗುವುದಿಲ್ಲ, ಒಳಗೊಳಗೇ ಪ್ಲಾಸ್ಟಿಕ್ ಕರಗುತ್ತದೆ. ಹತ್ತು ನಿಮಿಷ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗವನ್ನು ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಾಕೆಟ್ ಸಡಿಲ ಆಗಿದೆ ಅಥವಾ ವೈರಿಗೆ ಅಷ್ಟು ಶಕ್ತಿ ಇಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಅಲ್ಲಿ ಓಡಿಸಬೇಡಿ.

ಕೆಲವು ಯಂತ್ರಗಳ ಪ್ಲಗ್ಗಿನಲ್ಲಿ ಎರಡೇ ಪಿನ್ ಇರುತ್ತದೆ. ಗಾಬರಿ ಬೇಡ. ಸ್ಟಿಕ್ಕರಿನ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಅದಕ್ಕೆ ಎರಡು ಪದರದ ರಕ್ಷಣೆ ಇದೆ ಅಂತ ಅರ್ಥ, ಅರ್ಥಿಂಗ್ ಬೇಕಾಗಿಲ್ಲ. ಮೂರು ಪಿನ್ ಕೊಟ್ಟಿದ್ದರೆ ಮಾತ್ರ ಅದು ಬೇಕು ಅಂತಲೇ ಕೊಟ್ಟಿರುತ್ತಾರೆ. ಮೂರನೆಯ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕಬಾರದು. ಮನೆಯಲ್ಲಿ, ಕರೆಂಟ್ ಸೋರಿದರೆ ತಾನಾಗಿ ಆರಿಸುವ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ ಹಾಕಿಸಿದ್ದರೆ ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಒತ್ತಿದಾಗ ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಕೆಲಸ ಮಾಡುತ್ತಿಲ್ಲ.

ಕರೆಂಟ್ ಹೋದಾಗ ಏನು ಮಾಡಬೇಕು ಅನ್ನುವುದನ್ನು ಕೈಪಿಡಿಗಳು ಬರೆಯುವುದು ಕಡಿಮೆ, ನಮಗೆ ಮಾತ್ರ ಇದು ಬೇಕೇ ಬೇಕು. ಕ್ಲೀನ್ ಮಾಡುತ್ತಿರುವಾಗ ಕರೆಂಟ್ ಹೋದರೆ ಮೊದಲು ಯಂತ್ರದ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಇಲ್ಲದಿದ್ದರೆ ನೀವು ಒಳಗೆ ಕಾಫಿ ಕುಡಿಯುತ್ತಿರುವಾಗ ಕರೆಂಟ್ ಬಂದು ಅದು ತಾನಾಗಿ ಓಡಲು ಶುರು ಮಾಡುತ್ತದೆ. ಪಕ್ಕದಲ್ಲಿ ಮಗು ಪೈಪ್ ಹಿಡಿದು ಕೂತಿರಬಹುದು. ಯುಪಿಎಸ್‌ನಲ್ಲಿ ಓಡಿಸುವ ಯೋಚನೆಯನ್ನೂ ಬಿಡಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 900 ವಿಎ ಯುಪಿಎಸ್ ತಾಳುವುದು ಸುಮಾರು 700 ವಾಟ್, ಯಂತ್ರ ಕೇಳುವುದು ಅದರ ಎರಡರಷ್ಟು.

ಅಮೆರಿಕದಿಂದ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ವ್ಯಾಕ್ಯೂಮ್ ಕ್ಲೀನರನ್ನೂ ತರುವ ಕನ್ನಡಿಗರಿದ್ದಾರೆ. ಅಲ್ಲಿಯ ಯಂತ್ರ 120 ವೋಲ್ಟಿನದು. ಬರೀ ಪಿನ್ ಬದಲಾಯಿಸುವ ಅಡಾಪ್ಟರ್ ಹಾಕಿ ಇಲ್ಲಿ ಚುಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಅದಕ್ಕೆ ಹೊಂದುವ ಟ್ರಾನ್ಸ್‌ಫಾರ್ಮರ್ ತುಂಬಾ ಭಾರ, ದುಬಾರಿ ಕೂಡ. ನನ್ನ ಮಟ್ಟಿಗೆ, ಅಲ್ಲೇ ಯಾರಿಗಾದರೂ ಕೊಟ್ಟು ಬರುವುದೇ ವಾಸಿ.

ವೈರಿನ ಮೇಲಿನ ಹಳದಿ ಗುರುತು, ಕೆಂಪು ಗುರುತು

ಬಟನ್ ಒತ್ತಿದರೆ ವೈರ್ ಒಳಗೆ ಹೋಗುವ ಯಂತ್ರ ನಿಮ್ಮಲ್ಲಿದ್ದರೆ, ಒಮ್ಮೆ ನಿಧಾನವಾಗಿ ವೈರ್ ಎಳೆದು ನೋಡಿ. ಕೊನೆಯ ಹತ್ತಿರ ಒಂದು ಹಳದಿ ಪಟ್ಟಿ ಬರುತ್ತದೆ. ಇನ್ನೂ ಸ್ವಲ್ಪ ಎಳೆದರೆ ಕೆಂಪು ಪಟ್ಟಿ. ಹಳದಿ ಕಾಣುವವರೆಗೆ ಎಳೆಯಲೇಬೇಕು, ಯಾಕೆಂದರೆ ಒಳಗೆ ಸುತ್ತಿಕೊಂಡಿರುವ ವೈರೂ ಕಾಯುತ್ತದೆ. ಕೆಂಪು ದಾಟಿ ಎಳೆದರೆ ಒಳಗಿನ ಜೋಡಣೆಯೇ ಕಿತ್ತುಬರಬಹುದು. ವಾಪಸ್ ಸುತ್ತುವಾಗ ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ ಬಟನ್ ಒತ್ತಿ. ಬಿಟ್ಟರೆ ಪ್ಲಗ್ ಚಾಟಿ ಬೀಸಿದ ಹಾಗೆ ಬಂದು ಕಾಲಿಗೋ ಮಗುವಿನ ಮುಖಕ್ಕೋ ಹೊಡೆಯುತ್ತದೆ.

ಬಳಸುವ ಮುಂಚೆ ಪ್ರತಿ ಸಲ ವೈರನ್ನು ಬೆರಳಲ್ಲಿ ಸವರಿಕೊಂಡು ಬನ್ನಿ, ಪ್ಲಗ್ ಹಾಕುವ ಮುಂಚೆಯೇ. ಬಿರುಕು, ಚಪ್ಪಟೆಯಾದ ಜಾಗ, ಇಲಿ ಕಡಿದ ಗುರುತು ಇದೆಯಾ ನೋಡಿ. ಇದ್ದರೆ ಟೇಪ್ ಸುತ್ತಿ ಕೆಲಸ ಸಾಗಿಸುವುದು ಬೇಡ, ವೈರನ್ನೇ ಬದಲಾಯಿಸಿ. ಯುರೇಕಾ ಫೋರ್ಬ್ಸ್ 1982ರಲ್ಲಿ ಶುರುವಾದ ಮೇಲೆ ಮನೆ ಬಾಗಿಲಿಗೆ ಬಂದು ತೋರಿಸಿ ಮಾರಿದ ಯಂತ್ರಗಳು ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಗಟ್ಟಿ ಯಂತ್ರಗಳೇ. ಆದರೆ ಅಷ್ಟು ವರ್ಷ ಹಳೆಯ ವೈರ್ ಬಿರುಸಾಗಿ ಮಡಿಚಿದಲ್ಲೆಲ್ಲ ಒಡೆಯುತ್ತದೆ. ಕೆಳಗಿಳಿಸಿದರೆ ಮೊದಲು ರಿಪೇರಿಯವರ ಹತ್ತಿರ ಒಯ್ಯಿರಿ, ಆಮೇಲೆ ಪ್ಲಗ್ ಹಾಕಿ.

ಇವನ್ನು ಎಳೆಯಲೇಬಾರದು

ಬೂದಿ ಮೊದಲು. ದೇವರ ಮನೆಯಲ್ಲಿ ಊದುಬತ್ತಿ, ಧೂಪ, ಸಾಂಬ್ರಾಣಿಯ ಬೂದಿ ಬಿದ್ದಿರುತ್ತದೆ. ಮಂಚದ ಕೆಳಗೆ ಸೊಳ್ಳೆ ಬತ್ತಿಯದು. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯದು. ಮೇಲೆ ತಣ್ಣಗೆ ಕಂಡರೂ ಒಲೆಯ ಬೂದಿಯ ಒಳಗೆ ಕೆಂಡ ಒಂದು ದಿನ ಕಳೆದರೂ ಜೀವ ಹಿಡಿದಿರಬಹುದು. ಅದು ಬ್ಯಾಗಿನೊಳಗೆ ಹೋದರೆ ಅಲ್ಲಿ ಒಣ ಧೂಳು, ಕೂದಲು, ಕಾಗದ ಎಲ್ಲ ಇದೆ. ಮೇಲಿಂದ ಮೋಟರ್ ಜೋರಾಗಿ ಗಾಳಿ ಕೊಡುತ್ತಿದೆ. ತಿದಿ ಒತ್ತಿದಂತೆ ಬೆಂಕಿ ಎದ್ದು ಬರಲು ಬೇರೆ ಏನೂ ಬೇಕಿಲ್ಲ. ಬೂದಿಯನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ, ಇಲ್ಲವೇ ತಗಡಿನ ಮೊರಕ್ಕೆ ಗುಡಿಸಿ ನೀರು ಹಾಕಿ. ದೀಪಾವಳಿಯ ಮರುದಿನ ಬಾಲ್ಕನಿಯಲ್ಲಿ ಬಿದ್ದ ಪಟಾಕಿ ಚೂರೂ ಹಾಗೆಯೇ. ಅದರಲ್ಲಿ ಸಿಡಿಯದೆ ಉಳಿದ ಮದ್ದು ಇರುತ್ತದೆ.

ಪೆಟ್ರೋಲ್, ಸೀಮೆಎಣ್ಣೆ, ಪೇಂಟಿನ ಥಿನ್ನರ್ ಚೆಲ್ಲಿದ ಜಾಗಕ್ಕೆ ಯಂತ್ರ ಒಯ್ಯಬೇಡಿ. ಜಿರಳೆಗೆ ಸ್ಪ್ರೇ ಹೊಡೆದ ಕೂಡಲೇ ಆ ಮೂಲೆಗೂ ಬೇಡ. ಗ್ಯಾಸ್ ವಾಸನೆ ಬರುತ್ತಿದ್ದರೆ ಯಾವ ಸ್ವಿಚ್ಚನ್ನೂ ಹಾಕಬಾರದು ಅನ್ನುವುದು ನಿಮಗೆ ಗೊತ್ತೇ ಇದೆ. ಕಿಡಿಯ ಮಾತು ಮೇಲೆ ಹೇಳಿದೆ, ಅಲ್ವಾ.

ಮನೆಗೆ ಬಣ್ಣ ಹೊಡೆಸಿದ ಮೇಲೆ ಪುಟ್ಟಿ ಉಜ್ಜಿದ ಪುಡಿ, ಸಿಮೆಂಟ್ ಧೂಳು, ಬಾಗಿಲ ಮುಂದಿನ ರಂಗೋಲಿ ಪುಡಿ ಬಹಳ ನುಣುಪು. ಬ್ಯಾಗಿನ ತೂತುಗಳನ್ನು ಅವು ನಿಮಿಷಗಳಲ್ಲಿ ಮುಚ್ಚಿಬಿಡುತ್ತವೆ. ಕೆಲವು ದಾಟಿ ಮೋಟರಿನೊಳಗೂ ಸೇರುತ್ತವೆ. ಇವಕ್ಕೆ ಮೊದಲು ಪೊರಕೆ, ಆಮೇಲೆ ಒದ್ದೆ ಬಟ್ಟೆ.

ಸಿಎಫ್‌ಎಲ್ ಬಲ್ಬ್ ಅಥವಾ ಹಳೆಯ ಟ್ಯೂಬ್‌ಲೈಟ್ ಒಡೆದರೆ ಚೂರುಗಳನ್ನು ಯಂತ್ರದಲ್ಲಿ ಎಳೆಯಬೇಡಿ. ಅವುಗಳಲ್ಲಿ ಪಾದರಸ ಇರುತ್ತದೆ, ಹಿಂದಿನಿಂದ ಬರುವ ಗಾಳಿ ಅದನ್ನು ಕೋಣೆ ತುಂಬಾ ಹರಡುತ್ತದೆ. ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ಗಟ್ಟಿ ರಟ್ಟಿನಿಂದ ಚೂರು ತೆಗೆದು, ಉಳಿದ ಪುಡಿಗೆ ಅಂಟು ಟೇಪ್ ಒತ್ತಿ ಎತ್ತಿ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಪಾರಿವಾಳದ ಕಾಟ ಹೇಳಬೇಕಾಗಿಲ್ಲ. ಬಾಲ್ಕನಿಯಲ್ಲಿ ಒಣಗಿದ ಹಿಕ್ಕೆಯನ್ನು ವ್ಯಾಕ್ಯೂಮ್ ಮಾಡಿದರೆ ಬೇಗ ಆಗುತ್ತದೆ ಅಂತ ಅನ್ನಿಸುವುದು ಸಹಜ. ಆದರೆ ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಮೂಲಿ ಫಿಲ್ಟರ್ ಅದರ ಸಣ್ಣ ಕಣಗಳನ್ನು ತಡೆಯುವುದಿಲ್ಲ. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ಕೆರೆದು ತೊಳೆಯಿರಿ. ಇಲಿ ಹಿಕ್ಕೆಗೂ ಫಿನಾಯಿಲ್ ನೀರು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಸರಿ.

ಓಡಿಸುವಾಗ

ನೆಲದ ಮೇಲಿನ ನಾಣ್ಯ, ಪಿನ್ನು, ಕಿವಿಯೋಲೆಯ ತಿರುಪು, ಮಕ್ಕಳ ಆಟಿಕೆಯ ಚೂರು ಮೊದಲು ಕೈಯಲ್ಲೇ ಆರಿಸಿ. ಚಪ್ಪಲಿ ಹಾಕಿಕೊಳ್ಳಿ. ನೆಲ ಒರೆಸಿ ಒದ್ದೆ ಇರುವಾಗ ಬರಿಗಾಲಿನಲ್ಲಿ ಒಣ ಯಂತ್ರ ಓಡಿಸಬಾರದು. ಮೊದಲು ವ್ಯಾಕ್ಯೂಮ್, ಆಮೇಲೆ ಒರೆಸುವುದು.

ಉದ್ದ ಕೂದಲು ಕಟ್ಟಿಕೊಳ್ಳಿ, ಸೆರಗು ದುಪಟ್ಟಾ ಸಿಕ್ಕಿಸಿಕೊಳ್ಳಿ. ತಿರುಗುವ ಬ್ರಶ್ ಇರುವ ಯಂತ್ರಕ್ಕೆ ಇದು ಇನ್ನೂ ಮುಖ್ಯ. ಬ್ರಶ್ಶಿಗೆ ಕೂದಲು ಸುತ್ತಿಕೊಂಡಾಗ ಪ್ಲಗ್ ತೆಗೆದ ಮೇಲೆಯೇ ಕತ್ತರಿ ಹಾಕಿ. ಸ್ವಿಚ್ ಆರಿಸಿದರೆ ಸಾಲದು. ಮಕ್ಕಳು ಪೈಪನ್ನು ಕೆನ್ನೆಗೆ, ಕಿವಿಗೆ ಹಿಡಿದು ಆಡುತ್ತಾರೆ. ಕಣ್ಣು, ಕಿವಿಗೆ ಆ ಸೆಳೆತ ಗಾಯ ಮಾಡಬಲ್ಲದು. ಒಂದೇ ಸಲ ಗಟ್ಟಿಯಾಗಿ ಹೇಳಿ ನಿಲ್ಲಿಸಿ.

ಮೆಟ್ಟಿಲು ಕ್ಲೀನ್ ಮಾಡುವಾಗ ಕೆಳಗಿಂದ ಮೇಲಕ್ಕೆ ಹೋಗಿ. ಯಂತ್ರ ಯಾವಾಗಲೂ ನಿಮಗಿಂತ ಕೆಳಗೇ ಇರಲಿ. ಪೈಪ್ ಎಳೆದಾಗ ಉರುಳಿದರೂ ನಿಮ್ಮ ಮೇಲೆ ಬೀಳುವುದಿಲ್ಲ.

ಮನೆಕೆಲಸಕ್ಕೆ ಬರುವವರು ಯಂತ್ರ ಓಡಿಸುವುದಾದರೆ ಇಷ್ಟನ್ನೂ ಅವರಿಗೆ ಕೂತು ತೋರಿಸಿ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟುವ ಪರಿಸ್ಥಿತಿ ಅವರಿಗೇ ಜಾಸ್ತಿ ಬರುವುದು. ಒಂದು ಕಡೆ ಪಾತ್ರೆ, ಇನ್ನೊಂದು ಕಡೆ ನೆಲ, ಮಧ್ಯೆ ಯಂತ್ರ. ವೈರ್ ಒಡೆದಿದೆ ಅಂತ ಅವರು ಹೇಳಿದರೆ ಅವತ್ತೇ ಸರಿ ಮಾಡಿಸಿ, ಅಲ್ಲಿಯವರೆಗೆ ಪೊರಕೆಯಲ್ಲೇ ಗುಡಿಸಲಿ. ಶಾಕ್ ಹೊಡೆದರೆ ನೋವು ಪಡುವವರು ಅವರು.

ನೀರು ಎಳೆಯುವ ಯಂತ್ರ ಬೇರೆ

ಡಬ್ಬಿಯ ಮೇಲೆ ಒದ್ದೆ ಕಸಕ್ಕೂ ಆಗುತ್ತದೆ ಅಂತ ಬರೆದಿದ್ದರೆ ಮಾತ್ರ ನೀರು ಎಳೆಯಬಹುದು. ಅಂಥ ಯಂತ್ರದಲ್ಲಿ ಮೋಟರ್ ತಣಿಯಲು ಬೇರೆ ಗಾಳಿಯ ದಾರಿ ಇರುತ್ತದೆ, ನೀರಿನ ಗಾಳಿ ಮೋಟರಿಗೆ ತಗಲುವುದಿಲ್ಲ. ನೀರಿಗೆ ಮುಂಚೆ ಕಾಗದದ ಅಥವಾ ಬಟ್ಟೆಯ ಬ್ಯಾಗ್ ತೆಗೆದು, ಜೊತೆಗೆ ಕೊಟ್ಟ ಸ್ಪಂಜಿನ ಫಿಲ್ಟರ್ ಹಾಕಿ. ಡ್ರಮ್ ತುಂಬಿದಾಗ ಒಳಗಿನ ತೇಲುವ ಮುಚ್ಚಳ ಮೇಲೆ ಬಂದು ಸೆಳೆತ ನಿಲ್ಲಿಸುತ್ತದೆ, ಮೋಟರಿನ ಸದ್ದು ಒಮ್ಮೆಲೇ ಕೀರಲಾಗುತ್ತದೆ. ಆ ಸದ್ದು ಕೇಳಿದ ತಕ್ಷಣ ಆರಿಸಿ. ನೊರೆ ಬರುವ ಸೋಪಿನ ನೀರನ್ನು ಈ ಮುಚ್ಚಳ ಸರಿಯಾಗಿ ತಡೆಯುವುದಿಲ್ಲ, ಅದಕ್ಕೆ ಆಗಾಗ ಡ್ರಮ್ ಖಾಲಿ ಮಾಡುತ್ತಾ ಹೋಗಿ. ಮಳೆ ನೀರು ನುಗ್ಗಿ ಗೋಡೆಯ ಸಾಕೆಟ್ ತನಕ ಬಂದಿದ್ದರೆ ಯಾವ ಯಂತ್ರವೂ ಬೇಡ, ಮೊದಲು ಮೇನ್ ಆರಿಸಬೇಕು.

ಸೆಳೆತ ಕಡಿಮೆಯಾದರೆ

ಹಾಗೇ ಎಳೆಸುತ್ತಾ ಹೋಗಬೇಡಿ. ಆರಿಸಿ, ಪ್ಲಗ್ ತೆಗೆದು, ಬ್ಯಾಗ್ ನೋಡಿ. ಮುಕ್ಕಾಲು ತುಂಬಿದ್ದರೆ ಖಾಲಿ ಮಾಡುವ ಹೊತ್ತು ಬಂದಿದೆ. ಬ್ಯಾಗ್ ಸರಿ ಇದ್ದರೆ ಫಿಲ್ಟರ್ ನೋಡಿ. ಅದೂ ಸರಿ ಇದ್ದರೆ ಪೈಪನ್ನು ಯಂತ್ರದಿಂದ ಬಿಡಿಸಿ, ಮತ್ತೆ ಪ್ಲಗ್ ಹಾಕಿ ಓಡಿಸಿ, ಯಂತ್ರದ ಬಾಯಿಗೆ ಅಂಗೈ ಹಿಡಿಯಿರಿ. ಅಲ್ಲಿ ಸೆಳೆತ ಜೋರಾಗಿದ್ದರೆ ಕಸ ಸಿಕ್ಕಿರುವುದು ಪೈಪಿನಲ್ಲೇ. ಹೆಚ್ಚಾಗಿ ಹಿಡಿಕೆಯ ತಿರುವಿನಲ್ಲೋ ಬ್ರಶ್ಶಿನ ಕತ್ತಿನಲ್ಲೋ ಕಾಲುಚೀಲ, ಕಾಗದದ ಉಂಡೆ ಕೂತಿರುತ್ತದೆ. ತಂತಿ ತೂರಿಸಬೇಡಿ, ಪೈಪ್ ಹರಿದುಹೋಗುತ್ತದೆ. ತುದಿ ಮೊಂಡಾದ ಕೋಲು ಹಾಕಿ ನಿಧಾನ ತಳ್ಳಿ. ಗಾಳಿ ಊದುವ ಬಾಯಿ ಇರುವ ಯಂತ್ರವಾದರೆ, ಪೈಪನ್ನು ಅಲ್ಲಿಗೆ ಜೋಡಿಸಿ ಹೊರಗೆ ಅಂಗಳದಲ್ಲಿ ಊದಿಸಬಹುದು, ಮುಂದೆ ಯಾರೂ ನಿಂತಿರಬಾರದು.

ಯಂತ್ರ ಮಧ್ಯದಲ್ಲಿ ತಾನಾಗಿ ನಿಂತರೆ ಕೆಟ್ಟಿತು ಅಂತ ತಿಳಿಯಬೇಡಿ. ಜಾಸ್ತಿ ಕಾದಾಗ ನಿಲ್ಲಿಸುವ ವ್ಯವಸ್ಥೆ ಬಹಳಷ್ಟು ಯಂತ್ರಗಳಲ್ಲಿದೆ. ಪ್ಲಗ್ ತೆಗೆದು, ಕಟ್ಟಿದ್ದನ್ನು ಬಿಡಿಸಿ, ಪೂರ್ತಿ ತಣಿಯಲು ಒಂದು ಗಂಟೆ ಬಿಡಿ. ಸುಟ್ಟ ವಾಸನೆ, ಹೊಗೆ, ಗಾಳಿಕಿಂಡಿಯಲ್ಲಿ ಕಾಣುವ ದೊಡ್ಡ ಕಿಡಿ ಇದ್ದರೆ ಮಾತ್ರ ಮತ್ತೆ ಹಾಕಬೇಡಿ. ಕಾರ್ಬನ್ ಬ್ರಶ್ ಸವೆದಿರಬಹುದು. ಅದನ್ನು ಬದಲಾಯಿಸುವುದು ರಿಪೇರಿಯವರಿಗೆ ಸಣ್ಣ ಕೆಲಸ.

ಖಾಲಿ ಮಾಡುವುದು, ತೊಳೆಯುವುದು

ಅಸ್ತಮಾ, ಧೂಳಿನ ಅಲರ್ಜಿ ಇರುವವರು ಈ ಕೆಲಸ ಮಾಡಬಾರದು. ಇಷ್ಟು ಹೊತ್ತು ಹಿಡಿದ ಧೂಳೆಲ್ಲ ಒಂದೇ ಉಸಿರಿಗೆ ಬರುತ್ತದೆ. ಹೊರಗೆ, ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುವ ಕಡೆ ನಿಂತು, ಮಾಸ್ಕ್ ಹಾಕಿಕೊಳ್ಳಿ. ಕೊಂಚ ಒದ್ದೆ ಮಾಡಿದ ಹಳೆಯ ಪೇಪರ್ ಹಾಸಿ, ಅದರ ಹತ್ತಿರಕ್ಕೇ ಬಗ್ಗಿ ಬ್ಯಾಗ್ ಸುರಿಯಿರಿ, ಎತ್ತರದಿಂದ ಕೊಡವಬೇಡಿ. ಪೇಪರ್ ಮಡಚಿ ಕಟ್ಟಿ ಕಸಕ್ಕೆ ಹಾಕಿ.

ಫಿಲ್ಟರ್ ತೊಳೆಯಬಹುದು ಅಂತ ಬರೆದಿದ್ದರೆ ಮಾತ್ರ ತೊಳೆಯಿರಿ. ತಣ್ಣೀರು ಸಾಕು. ನೆರಳಲ್ಲಿ ಕನಿಷ್ಠ 24 ಗಂಟೆ ಒಣಗಿಸಿ. ಮಳೆಗಾಲದಲ್ಲಿ ಎರಡು ದಿನ ಬೇಕಾದರೂ ಬಿಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಹಸಿ ಫಿಲ್ಟರ್ ಹಾಕಿ ಓಡಿಸಿದರೆ ಧೂಳು ಕೆಸರಾಗಿ ಅಂಟುತ್ತದೆ, ತೇವ ಮೋಟರಿಗೆ ಹೋಗುತ್ತದೆ, ಕೋಣೆಗೆ ಮುಗ್ಗಲು ವಾಸನೆ ಬರುತ್ತದೆ. ಕಾಗದದಂತೆ ನೆರಿಗೆ ಇರುವ ಹೆಪಾ ಫಿಲ್ಟರ್ 0.3 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕಣಗಳಲ್ಲಿ ನೂರಕ್ಕೆ 99.97 ಭಾಗ ತಡೆಯುವಷ್ಟು ನಯವಾದದ್ದು. ತೊಳೆಯಲು ಬಾರದ್ದನ್ನು ತೊಳೆದರೆ ಆ ಗುಣವೇ ಹೋಗುತ್ತದೆ, ಹಳೆಯದಾದರೆ ಬದಲಾಯಿಸಬೇಕು ಅಷ್ಟೇ.

ಎತ್ತಿಡುವುದು

ಕಸ ಇರುವ ಬ್ಯಾಗನ್ನು ಒಳಗಿಟ್ಟು ಎತ್ತಿಡಬೇಡಿ. ಅದರಲ್ಲಿ ಅನ್ನದ ಅಗುಳು, ಬಿಸ್ಕತ್ ಪುಡಿ, ಕೂದಲು ಎಲ್ಲ ಇರುತ್ತದೆ. ಜಿರಳೆ, ಇರುವೆಗೆ ಅದು ಮನೆ ಮತ್ತು ಊಟ ಎರಡೂ. ಪೈಪಿನ ಬಾಯಿಗೆ ಹಳೆಯ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹಲ್ಲಿ ಒಳಗೆ ಸೇರಿಕೊಳ್ಳುತ್ತದೆ.

ಐದಾರು ಕಿಲೋ ತೂಕದ ಯಂತ್ರವನ್ನು ಸ್ಟೂಲ್ ಹತ್ತಿ ಅಟ್ಟಕ್ಕೆ ಏರಿಸುವುದು ನನಗೆ ಸರಿ ಕಾಣುವುದಿಲ್ಲ. ಬೀಳುವುದು ಯಂತ್ರವೂ ಆಗಬಹುದು, ಏರಿಸುವ ಅಮ್ಮನೂ ಆಗಬಹುದು. ಮೆಟ್ಟಿಲ ಕೆಳಗೋ ವಾರ್ಡ್‌ರೋಬಿನ ತಳದಲ್ಲೋ ಜಾಗ ಮಾಡಿ. ಕೆಳಗಿದ್ದರೆ ಬಳಕೆಯೂ ಜಾಸ್ತಿ ಆಗುತ್ತದೆ. ಬಚ್ಚಲ ಪಕ್ಕ, ಯುಟಿಲಿಟಿಯ ಒದ್ದೆ ಮೂಲೆ, ಬಿಸಿಲು ಬೀಳುವ ಬಾಲ್ಕನಿ ಬೇಡ. ಬಿಸಿಲಿಗೆ ಪ್ಲಾಸ್ಟಿಕ್ ಬಿರುಸಾಗುತ್ತದೆ.

ಪೈಪನ್ನು ಮೊಳೆಗೆ ನೇತುಹಾಕಿದರೆ ಅದೇ ಜಾಗದಲ್ಲಿ ಮಡಚಿ ಸೀಳುತ್ತದೆ. ದೊಡ್ಡ ಸುತ್ತಾಗಿ ಸುತ್ತಿ ಮಲಗಿಸಿ. ವೈರನ್ನೂ ಬಿಗಿಯಾಗಿ ಸುತ್ತಬೇಡಿ. ಬ್ರಶ್ಶನ್ನು ಕೂದಲ ಮೇಲೆ ನಿಲ್ಲಿಸಿದರೆ ಅದು ಬಾಗಿಯೇ ಉಳಿಯುತ್ತದೆ, ಬೆನ್ನ ಮೇಲೆ ಮಲಗಿಸಿ.

ಕರಾವಳಿ, ಮಲೆನಾಡಿನವರಿಗೆ ಎರಡು ಮಾತು. ಬಂದ ರಟ್ಟಿನ ಡಬ್ಬಿಯಲ್ಲೇ ವಾಪಸ್ ಇಡುವ ಅಭ್ಯಾಸ ಬಿಡಿ. ರಟ್ಟು ತೇವ ಹೀರುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಪ್ಲಾಸ್ಟಿಕ್ ಕವರ್ ಬಿಗಿದರೆ ಒಳಗೆ ಬೂಷ್ಟು ಬರುತ್ತದೆ, ಹತ್ತಿ ಬಟ್ಟೆ ಹೊದಿಸಿ. ಜೂನಿನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಐದು ನಿಮಿಷ ಖಾಲಿ ಓಡಿಸಿ, ಒಳಗಿನ ತೇವ ಹೋಗುತ್ತದೆ.

ಚಾರ್ಜ್ ಮಾಡುವ ಯಂತ್ರವಾದರೆ ಕಾಳಜಿ ಬ್ಯಾಟರಿಯದು. ಅದರ ಜೊತೆ ಬಂದ ಚಾರ್ಜರನ್ನೇ ಬಳಸಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಚಾರ್ಜಿಗೆ ಹಾಕಬೇಡಿ, ಬೆಳಗ್ಗೆ ತಂಪು ಹೊತ್ತಿನಲ್ಲಿ ಹಾಕಿ. ಹಾಸಿಗೆ, ಪರದೆಯ ಪಕ್ಕ ಬೇಡ. ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ಅರ್ಧ ಚಾರ್ಜ್ ಇಟ್ಟು, ಚಾರ್ಜರ್ ತೆಗೆದು ಹೋಗಿ. ಬ್ಯಾಟರಿ ಉಬ್ಬಿದ್ದರೆ, ಬಿದ್ದು ಒಡೆದಿದ್ದರೆ ಇನ್ನು ಚಾರ್ಜ್ ಮಾಡಬೇಡಿ. ಮನೆಯ ಒಣ ಕಸಕ್ಕೂ ಹಾಕಬೇಡಿ, ಕಸದ ಗಾಡಿಯಲ್ಲಿ ಒತ್ತಡ ಬಿದ್ದರೆ ಹೊತ್ತಿಕೊಳ್ಳುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಅಥವಾ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡಿ, ಬ್ಯಾಟರಿ ಉಬ್ಬಿದೆ ಅನ್ನುವುದನ್ನು ಕೊಡುವಾಗ ಬಾಯಿಬಿಟ್ಟು ಹೇಳಿ.